ಎಳೆಗೂಸುಗಳಲ್ಲಿ ನಾಯಿಕೆಮ್ಮು: ಲಕ್ಷಣ, ಚಿಕಿತ್ಸೆ ಮತ್ತು ಗರ್ಭಿಣಿಯರು ವೈದ್ಯರಲ್ಲಿ ಕೇಳಬೇಕಾದ ಒಂದು ಪ್ರಶ್ನೆ

ನಾಯಿಕೆಮ್ಮು ಎಂದರೆ ಅಜ್ಜಿಯರ ಕಾಲದ ಕಾಯಿಲೆ, ಲಸಿಕೆ ಬಂದ ಮೇಲೆ ಅದು ಹೊರಟುಹೋಯಿತು ಎಂದು ನಂಬಿರುವವರು ಬಹಳ ಮಂದಿ. ಅದು ಹೋಗಿಲ್ಲ. ಭಾರತದಲ್ಲಿ 1987ರಲ್ಲಿ ಸುಮಾರು 1.63 ಲಕ್ಷ ನಾಯಿಕೆಮ್ಮಿನ ಪ್ರಕರಣಗಳು ದಾಖಲಾಗಿದ್ದವು. ಲಸಿಕೆ ಹಳ್ಳಿ ಹಳ್ಳಿಗೆ ತಲುಪಿದಂತೆ ಸಂಖ್ಯೆ ಇಳಿಯುತ್ತಾ ಬಂದು 2011ರಲ್ಲಿ ಸುಮಾರು 39 ಸಾವಿರಕ್ಕೆ ಬಂತು. ಇಳಿಕೆ ದೊಡ್ಡದೇ. ಆದರೆ ಇದು ವರದಿಯಾದವರ ಲೆಕ್ಕ ಮಾತ್ರ. ಕೆಮ್ಮು ಬಂದರೆ ಔಷಧಿ ಅಂಗಡಿಗೆ ಹೋಗಿ ಸಿರಪ್ ತಂದು ಕುಡಿಯುವ ನಮ್ಮ ದೇಶದಲ್ಲಿ ಕೆಮ್ಮಿಗೆಂದು ಗಂಟಲ ಪರೀಕ್ಷೆ ಮಾಡಿಸುವವರು ಎಷ್ಟು ಜನ?

ದೊಡ್ಡವರಿಗೆ ಈ ಕಾಯಿಲೆ ಬಂದರೆ ಎರಡು ಮೂರು ತಿಂಗಳು ನಿದ್ದೆ ಕೆಡಿಸಿ ಹೋಗುತ್ತದೆ. ಶಾಲೆಗೆ ಹೋಗುವ ಮಕ್ಕಳು ನರಳಿದರೂ ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಇದು ಪ್ರಾಣಕ್ಕೆ ಎರವಾಗುವುದು ಹೆಚ್ಚಾಗಿ ಹುಟ್ಟಿ ಮೂರು ತಿಂಗಳೂ ತುಂಬದ ಕೂಸುಗಳಿಗೆ. ಮಗುವಿಗೆ ನಾಯಿಕೆಮ್ಮಿನ ಲಸಿಕೆಯ ಮೊದಲ ಡೋಸ್ ಸಿಗುವುದು ಆರನೇ ವಾರದಲ್ಲಿ. ಅಲ್ಲಿಯವರೆಗೆ ಮಗುವನ್ನು ಕಾಯುವುದು ಯಾವುದು? ತಾಯಿ ಗರ್ಭಿಣಿಯಾಗಿದ್ದಾಗಲೇ ಕೊಡಬಹುದಾದ ಒಂದು ಲಸಿಕೆ ಇದೆ. ಆದರೆ ನಮ್ಮಲ್ಲಿ ಗರ್ಭಿಣಿಯರಿಗೆ ವಾಡಿಕೆಯಂತೆ ಕೊಡುವ ಚುಚ್ಚುಮದ್ದು ಅದಲ್ಲ. ಈ ಲೇಖನಕ್ಕಾಗಿ ಓದಲು ಕೂರುವ ತನಕ ಈ ವ್ಯತ್ಯಾಸ ನನಗೂ ಗೊತ್ತಿರಲಿಲ್ಲ.

ಊರಿಗೊಂದು ಹೆಸರು

ಕನ್ನಡದಲ್ಲಿ ನಾಯಿಕೆಮ್ಮು. ವೈದ್ಯರ ಭಾಷೆಯಲ್ಲಿ ಪರ್ಟುಸಿಸ್. ಕರ್ನಾಟಕದ ಹೊರಗಿರುವ ನಮ್ಮ ಓದುಗರಿಗೆ ಉಳಿದ ಹೆಸರುಗಳೂ ಗೊತ್ತಿರುವುದು ಒಳ್ಳೆಯದು. ಮುಂಬೈ, ಪುಣೆಯಲ್ಲಿ ಇದು 'ಡಾಂಗ್ಯಾ ಖೋಕಲಾ', ಹಿಂದಿ ಮಾತನಾಡುವ ಕಡೆ 'ಕಾಲಿ ಖಾಂಸಿ', ಚೆನ್ನೈನಲ್ಲಿ 'ಕಕ್ಕುವಾನ್ ಇರುಮಲ್', ಹೈದರಾಬಾದ್‌ನಲ್ಲಿ 'ಕೋರಿಂತ ದಗ್ಗು'. ಆಸ್ಪತ್ರೆಯ ನರ್ಸ್ ಬಳಿ 'ನಾಯಿಕೆಮ್ಮು' ಎಂಬುದನ್ನು ಪದಶಃ ಅನುವಾದಿಸಿ ಹೇಳಿದರೆ ಗೊಂದಲವಾಗುತ್ತದೆ.

ಗೊಂದಲಕ್ಕೆ ಇನ್ನೊಂದು ಕಾರಣವೂ ಇದೆ. ನಾಯಿ ಬೊಗಳಿದಂತೆ ಕೇಳಿಸುವ ಕೆಮ್ಮು ಎಂದು ಇಂಗ್ಲಿಷ್ ವೈದ್ಯ ಪುಸ್ತಕಗಳು ವರ್ಣಿಸುವುದು 'ಕ್ರೂಪ್' ಎಂಬ ಬೇರೆಯದೇ ಕಾಯಿಲೆಯನ್ನು. ಅದು ಸಾಮಾನ್ಯವಾಗಿ ವೈರಸ್‌ನಿಂದ ಬರುವಂಥದ್ದು. ನಾಯಿಕೆಮ್ಮಿನ ಗುರುತು ಬೊಗಳುವ ಸದ್ದಲ್ಲ. ಉಸಿರೆಳೆದುಕೊಳ್ಳಲು ಪುರುಸೊತ್ತೇ ಇಲ್ಲದಂತೆ ಸಾಲುಸಾಲಾಗಿ ಹತ್ತು ಇಪ್ಪತ್ತು ಕೆಮ್ಮು ಬಂದು, ಕೊನೆಗೆ ಗಾಳಿಯನ್ನು ಒಮ್ಮೆಲೇ ಒಳಗೆಳೆದುಕೊಳ್ಳುವಾಗ ಬರುವ 'ಹೂಪ್' ಎಂಬ ಸೀಳುದನಿ ಅದರ ಗುರುತು. ಇಂಗ್ಲಿಷ್ ಹೆಸರು ಹುಟ್ಟಿದ್ದು ಆ ದನಿಯಿಂದ. ಚೀನೀಯರು ಇದನ್ನು ನೂರು ದಿನದ ಕೆಮ್ಮು ಎನ್ನುತ್ತಾರೆ. ಎಲ್ಲ ಹೆಸರುಗಳಲ್ಲಿ ನಿಜಕ್ಕೆ ಹತ್ತಿರವಾದುದು ಅದೇ ಇರಬೇಕು.

ರೋಗಾಣು ಮಾಡುವ ಕೆಲಸ

ಕಾರಣ 'ಬೋರ್ಡೆಟೆಲ್ಲಾ ಪರ್ಟುಸಿಸ್' ಎಂಬ ಬ್ಯಾಕ್ಟೀರಿಯಾ. ಬೆಲ್ಜಿಯಂನ ಜೂಲ್ಸ್ ಬೋರ್ಡೆ ಮತ್ತು ಒಕ್ಟಾವ್ ಜೆಂಗು 1906ರಲ್ಲಿ ಇದನ್ನು ಪ್ರಯೋಗಾಲಯದಲ್ಲಿ ಬೇರ್ಪಡಿಸಿ ಬೆಳೆಸಿದರು. ಇದು ಮನುಷ್ಯರಲ್ಲಿ ಮಾತ್ರ ಬದುಕುತ್ತದೆ, ಕೆಮ್ಮಿದಾಗ ಸೀನಿದಾಗ ಹಾರುವ ಹನಿಗಳ ಮೂಲಕ ಹರಡುತ್ತದೆ. ನಾಯಿಗೂ ಇದಕ್ಕೂ ಸಂಬಂಧವಿಲ್ಲ.

ಹರಡುವ ವೇಗ ಮಾತ್ರ ಭಯ ಹುಟ್ಟಿಸುವಂಥದ್ದು. ರಕ್ಷಣೆಯೇ ಇಲ್ಲದ ಸಮುದಾಯದಲ್ಲಿ ಒಬ್ಬ ರೋಗಿಯಿಂದ 12ರಿಂದ 17 ಮಂದಿಗೆ ತಗಲಬಹುದು ಎಂಬ ಅಂದಾಜಿದೆ. ಒಂದೇ ಮನೆಯಲ್ಲಿ ರೋಗನಿರೋಧಕ ಶಕ್ತಿ ಇಲ್ಲದವರಿದ್ದರೆ ಹತ್ತರಲ್ಲಿ ಎಂಟು ಮಂದಿಗೆ ಅಂಟಿದರೂ ಆಶ್ಚರ್ಯವಿಲ್ಲ.

ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಸೂಕ್ಷ್ಮ ರೋಮಗಳಿವೆ. ಕಫವನ್ನು ಮೇಲಕ್ಕೆ ತಳ್ಳಿ ಗಂಟಲಿಗೆ ತಂದುಹಾಕುವುದು ಅವುಗಳ ಕೆಲಸ. ಈ ಬ್ಯಾಕ್ಟೀರಿಯಾ ಆ ರೋಮಗಳಿಗೇ ಅಂಟಿಕೊಂಡು, ವಿಷ ಸುರಿಸಿ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಕಫ ಒಳಗೇ ಉಳಿದು ಅಂಟಾಗುತ್ತದೆ. ಅದನ್ನು ಹೊರಹಾಕಲು ದೇಹಕ್ಕೆ ಉಳಿಯುವ ಒಂದೇ ದಾರಿ ಕೆಮ್ಮು. ಔಷಧ ಕೊಟ್ಟು ಬ್ಯಾಕ್ಟೀರಿಯಾ ಸತ್ತರೂ ಹಾಳಾದ ರೋಮಗಳು ಮತ್ತೆ ಸರಿಯಾಗಲು ವಾರಗಟ್ಟಲೆ ಬೇಕು. ನೂರು ದಿನದ ಲೆಕ್ಕ ಬರುವುದು ಇಲ್ಲಿಂದ.

ಸೋಂಕು ತಗಲಿದ ಏಳರಿಂದ ಹತ್ತು ದಿನಕ್ಕೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೆಲವರಲ್ಲಿ ಮೂರು ವಾರವೂ ಆಗಬಹುದು. ಮೊದಲ ಒಂದೆರಡು ವಾರ ಬರೀ ನೆಗಡಿ, ಸಣ್ಣ ಕೆಮ್ಮು. ಹೆಚ್ಚು ಹರಡುವ ಹೊತ್ತು ಅದೇ, ಯಾರಿಗೂ ಅನುಮಾನ ಬಾರದ ಹೊತ್ತೂ ಅದೇ. ಆಮೇಲೆ ಕೆಮ್ಮಿನ ದಾಳಿಗಳು ಶುರುವಾಗಿ ಸಾಮಾನ್ಯವಾಗಿ ಒಂದರಿಂದ ಆರು ವಾರ ಕಾಡುತ್ತವೆ, ರಾತ್ರಿ ಹೊತ್ತು ಜಾಸ್ತಿ. ಕೆಮ್ಮಿ ಕೆಮ್ಮಿ ವಾಂತಿಯಾಗುತ್ತದೆ. ನಂತರ ನಿಧಾನವಾಗಿ ಇಳಿಮುಖ.

ಎರಡು ತಿಂಗಳ ಮಗುವಿನಲ್ಲಿ ಎಲ್ಲವೂ ಬೇರೆ

ಮೇಲೆ ಹೇಳಿದ್ದು ಪಠ್ಯಪುಸ್ತಕದ ನಾಯಿಕೆಮ್ಮು. ಎಳೆಗೂಸಿನಲ್ಲಿ ಇದನ್ನೇ ಹುಡುಕುತ್ತಾ ಕುಳಿತರೆ ಅನಾಹುತವಾಗುತ್ತದೆ. ಆ 'ಹೂಪ್' ದನಿ ಬರಬೇಕಾದರೆ ಗಾಳಿಯನ್ನು ಜೋರಾಗಿ ಒಳಗೆಳೆದುಕೊಳ್ಳುವ ಶಕ್ತಿ ಬೇಕು. ಆರು ವಾರದ ಮಗುವಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ಹಾಗಾಗಿ ದನಿ ಬರುವುದೇ ಇಲ್ಲ. ಕೆಲವೊಮ್ಮೆ ಕೆಮ್ಮೂ ಅಷ್ಟಾಗಿ ಇರುವುದಿಲ್ಲ. ನೆಗಡಿಯ ಹಂತ ಎರಡು ಮೂರು ದಿನದಲ್ಲೇ ಮುಗಿದು, ಮಗು ಹಾಲು ಕುಡಿಯುತ್ತಿರುವಾಗಲೋ ಮಲಗಿರುವಾಗಲೋ ಉಸಿರು ಸುಮ್ಮನೆ ನಿಂತುಬಿಡುತ್ತದೆ.

ವೈದ್ಯರು ಇದನ್ನು ಆಪ್ನಿಯಾ ಎನ್ನುತ್ತಾರೆ. ನವಜಾತ ಶಿಶುಗಳ ಉಸಿರಾಟ ಸಹಜವಾಗಿಯೇ ಸ್ವಲ್ಪ ಏರುಪೇರು. ಐದಾರು ಸೆಕೆಂಡ್ ನಿಂತು ಮತ್ತೆ ಶುರುವಾಗುವುದನ್ನು ಎಲ್ಲ ತಾಯಂದಿರೂ ನೋಡಿರುತ್ತಾರೆ. ಆದರೆ 20 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ನಿಂತರೆ, ಅಥವಾ ಅಷ್ಟು ಹೊತ್ತಲ್ಲದಿದ್ದರೂ ತುಟಿ ನೀಲಿಗಟ್ಟಿದರೆ, ಮಗು ಜೋತುಬಿದ್ದಂತಾದರೆ ಅದು ಸಹಜವಲ್ಲ. ನಮ್ಮ ಮಕ್ಕಳ ಗೋಧಿಬಣ್ಣ, ಕಪ್ಪುಬಣ್ಣದ ಮೈಯಲ್ಲಿ ನೀಲಿ ಸುಲಭಕ್ಕೆ ಕಾಣಿಸುವುದಿಲ್ಲ ಎಂಬುದೂ ನೆನಪಿರಲಿ. ಕೆನ್ನೆ ನೋಡಬೇಡಿ, ತುಟಿಯ ಒಳಭಾಗ, ನಾಲಿಗೆ, ವಸಡು, ಉಗುರಿನ ಬುಡ ನೋಡಿ.

ಇನ್ನೊಂದು ವಿಷಯ ಅನೇಕರನ್ನು ದಾರಿ ತಪ್ಪಿಸುತ್ತದೆ. ನಾಯಿಕೆಮ್ಮಿನಲ್ಲಿ ಜ್ವರ ಇರುವುದೇ ಇಲ್ಲ, ಇದ್ದರೂ ಅತ್ಯಲ್ಪ. ಎರಡು ದಾಳಿಗಳ ನಡುವೆ ಮಗು ಚೆನ್ನಾಗಿಯೇ ಇರುತ್ತದೆ, ವೈದ್ಯರು ಸ್ಟೆತಸ್ಕೋಪ್ ಇಟ್ಟರೆ ಎದೆಯೂ ಸ್ವಚ್ಛವಾಗಿ ಕೇಳಿಸಬಹುದು. 'ಜ್ವರ ಇಲ್ಲವಲ್ಲ, ನಾಳೆ ನೋಡೋಣ' ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಸಾಧ್ಯವಾದರೆ ದಾಳಿ ಬಂದಾಗ ಮೊಬೈಲಿನಲ್ಲಿ ಅರ್ಧ ನಿಮಿಷದ ವಿಡಿಯೊ ಮಾಡಿಕೊಂಡು ವೈದ್ಯರಿಗೆ ತೋರಿಸಿ. ಕ್ಲಿನಿಕ್‌ನ ಮೇಜಿನ ಮೇಲೆ ಮಲಗಿಸಿದಾಗ ಮಗು ಕೆಮ್ಮುತ್ತದೆ ಎಂಬ ಖಾತರಿಯಿಲ್ಲ.

ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಪ್ರಕಾರ, ಒಂದು ವರ್ಷದೊಳಗಿನ ಮಕ್ಕಳಿಗೆ ನಾಯಿಕೆಮ್ಮು ಬಂದರೆ ಮೂವರಲ್ಲಿ ಒಬ್ಬರನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಹಾಗೆ ಸೇರಿದವರಲ್ಲಿ ಮೂರನೇ ಎರಡು ಭಾಗಕ್ಕೆ ಉಸಿರು ನಿಲ್ಲುವ ತೊಂದರೆ, ಐವರಲ್ಲಿ ಒಬ್ಬರಿಗೆ ನ್ಯುಮೋನಿಯಾ, ನೂರಕ್ಕೆ ಒಂದು ಸಾವು. ಇದು ಎಲ್ಲ ಸೌಲಭ್ಯಗಳಿರುವ ದೇಶದ ಲೆಕ್ಕ.

ಸಾವು ಯಾಕಾಗುತ್ತದೆ ಎಂಬುದನ್ನೂ ಸ್ವಲ್ಪ ಹೇಳಬೇಕು. ಈ ಬ್ಯಾಕ್ಟೀರಿಯಾದ ವಿಷದಿಂದ ರಕ್ತದಲ್ಲಿ ಬಿಳಿ ರಕ್ತಕಣಗಳು ಮಿತಿಮೀರಿ ಹೆಚ್ಚುತ್ತವೆ. ಎಳೆಯ ಮಕ್ಕಳಲ್ಲಿ ಈ ಸಂಖ್ಯೆ 50 ಸಾವಿರ ದಾಟಬಹುದು, ಕೆಲವೊಮ್ಮೆ ಒಂದು ಲಕ್ಷಕ್ಕೂ ಹೋಗುತ್ತದೆ. ರಕ್ತ ದಪ್ಪಗಾಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳಲ್ಲಿ ಹರಿಯಲಾರದೆ ಹೃದಯದ ಮೇಲೆ ಒತ್ತಡ ಬೀಳುತ್ತದೆ. ಇಂಥ ಮಕ್ಕಳಿಗೆ ವೆಂಟಿಲೇಟರ್ ಹಾಕಿದರೂ ಸಾಕಾಗದೆ, ರಕ್ತ ಬದಲಾಯಿಸುವ ಚಿಕಿತ್ಸೆಯನ್ನೂ ಐಸಿಯುಗಳಲ್ಲಿ ಮಾಡುತ್ತಾರೆ. ಆದ್ದರಿಂದ ಉಸಿರು ನಿಲ್ಲುತ್ತಿರುವ ಎಳೆಗೂಸಿನ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ, ಅದರಲ್ಲೂ ಲಿಂಫೊಸೈಟ್, ವಿಪರೀತ ಜಾಸ್ತಿ ಬಂದರೆ ಮಕ್ಕಳ ತಜ್ಞರ ಮನಸ್ಸಿಗೆ ಮೊದಲು ಬರುವ ಹೆಸರುಗಳಲ್ಲಿ ನಾಯಿಕೆಮ್ಮೂ ಒಂದು.

ಕೂಸಿಗೆ ಯಾರಿಂದ ಬರುತ್ತದೆ?

ಮನೆಯವರಿಂದ. ಇದನ್ನು ಒಪ್ಪಿಕೊಳ್ಳುವುದು ಕಷ್ಟ, ಆದರೆ ಸೋಂಕಿನ ಮೂಲ ಪತ್ತೆಯಾದ ಪ್ರಕರಣಗಳಲ್ಲಿ ಹೆಚ್ಚಿನವು ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿಯರ ಕಡೆಗೇ ಬೆರಳು ತೋರಿಸುತ್ತವೆ.

ನಾಯಿಕೆಮ್ಮು ಒಮ್ಮೆ ಬಂದುಹೋದರೂ, ಲಸಿಕೆ ಹಾಕಿಸಿಕೊಂಡಿದ್ದರೂ ಸಿಗುವ ರಕ್ಷಣೆ ಜೀವಮಾನದ್ದಲ್ಲ. ಕೆಲವು ವರ್ಷಗಳಲ್ಲಿ ಅದು ಕರಗುತ್ತದೆ. ಬಾಲ್ಯದಲ್ಲಿ ಡಿಪಿಟಿ ಹಾಕಿಸಿಕೊಂಡ ಮೂವತ್ತರ ತಂದೆಗೂ ಅರವತ್ತರ ಅಜ್ಜಿಗೂ ಈಗ ರಕ್ಷಣೆ ಅಷ್ಟಕ್ಕಷ್ಟೇ. ಅವರಿಗೆ ಸೋಂಕು ತಗಲಿದರೆ ಬರುವುದು ಬಿಡದ ಒಣಕೆಮ್ಮು, ಅಷ್ಟೇ. ಮಳೆಗಾಲದ್ದು, ಏಸಿಯದ್ದು, ದೆಹಲಿಯ ಹೊಗೆಯದ್ದು, ಮುಂಬೈನ ಕಟ್ಟಡ ಕೆಲಸದ ಧೂಳಿನದ್ದು ಎಂದು ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ. ಅಷ್ಟರಲ್ಲಿ ಕೂಸನ್ನು ಎತ್ತಿ ಮುದ್ದಾಡಿ ಆಗಿರುತ್ತದೆ.

ನಮ್ಮ ಬಾಣಂತನದ ಪದ್ಧತಿ ಇಲ್ಲಿ ಎರಡು ಅಲಗಿನ ಕತ್ತಿ. ಬಾಣಂತಿ ಮತ್ತು ಮಗುವನ್ನು ಒಂದು ಕೋಣೆಯಲ್ಲಿ ಬೆಚ್ಚಗಿಟ್ಟು, ಹೊರಗಿನವರನ್ನು ಸೇರಿಸದೆ ಕಾಪಾಡುತ್ತಿದ್ದ ಹಿರಿಯರ ಕ್ರಮ ಸೋಂಕಿನ ದೃಷ್ಟಿಯಿಂದ ಜಾಣತನದ್ದೇ. ಆದರೆ ಹನ್ನೊಂದು, ಹನ್ನೆರಡನೇ ದಿನಕ್ಕೆ ನಾಮಕರಣ, ತೊಟ್ಟಿಲು ಶಾಸ್ತ್ರ ಬರುತ್ತದೆ. ಅಂದು ಮಗು ನೂರು ಕೈ ದಾಟುತ್ತದೆ. ಧಾರವಾಡದಿಂದ ರೈಲು ಹತ್ತಿ ಪುಣೆಗೆ ಬಾಣಂತನಕ್ಕೆ ಬಂದ ಅಜ್ಜಿಗೆ ಒಂದು ವಾರದಿಂದ ಕೆಮ್ಮು ಇದ್ದರೆ ಎರಡೇ ಕೋಣೆಯ ಫ್ಲ್ಯಾಟಿನಲ್ಲಿ ಅವರನ್ನು ಎಲ್ಲಿ ದೂರ ಇಡುವುದು? ಮಾಸ್ಕ್ ಹಾಕಿಕೊಳ್ಳಿ ಎಂದು ಹಿರಿಯರಿಗೆ ಹೇಳಲು ಸಂಕೋಚ ಬೇರೆ. ಕೋವಿಡ್ ಕಾಲದಲ್ಲಿ ಕಲಿತ ಈ ಒಂದು ಮಾತನ್ನಾದರೂ ಸಂಕೋಚವಿಲ್ಲದೆ ಹೇಳಬಹುದು. ಎರಡು ವಾರಕ್ಕಿಂತ ಹೆಚ್ಚು ಕೆಮ್ಮುತ್ತಿರುವವರು, ಅವರು ಎಷ್ಟೇ ಹತ್ತಿರದವರಾಗಲಿ, ವೈದ್ಯರಿಗೆ ತೋರಿಸಿಕೊಳ್ಳುವವರೆಗೆ ಕೂಸಿನಿಂದ ದೂರ ಇರುವುದು ಒಳ್ಳೆಯದು. ಆ ಕೆಮ್ಮು ಕ್ಷಯವೂ ಆಗಿರಬಹುದು; ತೋರಿಸಿಕೊಳ್ಳಲು ಅದೊಂದೇ ಕಾರಣ ಸಾಕು.

ಗರ್ಭಿಣಿಯರ ಚುಚ್ಚುಮದ್ದು: ಟಿಡಿ ಬೇರೆ, ಟಿಡ್ಯಾಪ್ ಬೇರೆ

ಈಗ ಮೊದಲು ಹೇಳಿದ ಗೊಂದಲಕ್ಕೆ ಬರೋಣ. ನಮ್ಮ ಅಮ್ಮಂದಿರ ಕಾಲದಲ್ಲಿ ಗರ್ಭಿಣಿಯರಿಗೆ 'ಟಿಟಿ' ಕೊಡುತ್ತಿದ್ದರು. ಅದು ಧನುರ್ವಾಯು ಬಾರದಂತೆ ತಡೆಯುವ ಲಸಿಕೆ. ಅದರ ಸಾಧನೆ ಸಣ್ಣದಲ್ಲ. ಹೊಕ್ಕುಳಬಳ್ಳಿ ಕತ್ತರಿಸಿದ ಗಾಯದ ಮೂಲಕ ನಂಜೇರಿ ಸಾಯುತ್ತಿದ್ದ ಸಾವಿರಾರು ಕೂಸುಗಳನ್ನು ಅದು ಉಳಿಸಿತು. ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯಾಗಿದೆ ಎಂದು 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೃಢಪಡಿಸಿತು. 2019ರಿಂದ ಸರ್ಕಾರಿ ಕಾರ್ಯಕ್ರಮದಲ್ಲಿ ಟಿಟಿ ಬದಲಿಗೆ 'ಟಿಡಿ' ಬಂದಿದೆ. ಇದರಲ್ಲಿ ಧನುರ್ವಾಯುವಿನ ಜತೆಗೆ ಗಂಟಲುಮಾರಿಗೂ ರಕ್ಷಣೆ ಇದೆ.

ನಾಯಿಕೆಮ್ಮಿಗೆ ಇಲ್ಲ.

ನಾಯಿಕೆಮ್ಮಿನ ಅಂಶವೂ ಸೇರಿರುವ ಲಸಿಕೆಯ ಹೆಸರು 'ಟಿಡ್ಯಾಪ್'. ಹೆಸರಿನ ಬಾಲದಲ್ಲಿರುವ 'ಎಪಿ' ಎಂಬ ಎರಡು ಅಕ್ಷರಗಳೇ ವ್ಯತ್ಯಾಸ. ಕಾರ್ಡಿನಲ್ಲಿ 'ಟಿಡಿ-1, ಟಿಡಿ-2' ಎಂದು ಬರೆದಿದ್ದನ್ನು ನೋಡಿ ಎಲ್ಲ ಚುಚ್ಚುಮದ್ದೂ ಆಯಿತು ಎಂದುಕೊಳ್ಳುವುದು ಸಹಜ. ಭಾರತೀಯ ಮಕ್ಕಳ ವೈದ್ಯರ ಸಂಘಟನೆ ಐಎಪಿ ಮತ್ತು ಪ್ರಸೂತಿ ತಜ್ಞರ ಒಕ್ಕೂಟ ಫಾಗ್ಸಿ ಎರಡೂ ಗರ್ಭಿಣಿಯರಿಗೆ ಟಿಡ್ಯಾಪ್ ಕೊಡಬೇಕೆಂದು ಶಿಫಾರಸು ಮಾಡಿವೆ. ಕೊಡಬೇಕಾದ ಅವಧಿ 27ರಿಂದ 36ನೇ ವಾರ, ಅಂದರೆ ಹೆಚ್ಚುಕಡಿಮೆ ಏಳನೇ ತಿಂಗಳಿನಿಂದ ಎಂಟನೇ ತಿಂಗಳ ಕೊನೆಯವರೆಗೆ. ಸೀಮಂತದ ಹೊತ್ತು ಎಂದು ನೆನಪಿಟ್ಟುಕೊಂಡರೂ ಆದೀತು. ಲಸಿಕೆ ಪಡೆದ ಸುಮಾರು ಎರಡು ವಾರದಲ್ಲಿ ತಾಯಿಯ ದೇಹದಲ್ಲಿ ಪ್ರತಿಕಾಯಗಳು ತಯಾರಾಗಿ ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಸಾಗುತ್ತವೆ. ಮಗು ಹುಟ್ಟುವಾಗಲೇ ಆ ಬುತ್ತಿ ಹೊತ್ತು ಬರುತ್ತದೆ. ಎರಡು ಮೂರು ತಿಂಗಳಲ್ಲಿ ಬುತ್ತಿ ಖಾಲಿ. ಅಷ್ಟರಲ್ಲಿ ಮಗುವಿನ ಸ್ವಂತ ಲಸಿಕೆ ಶುರುವಾಗಿರುತ್ತದೆ.

ಪ್ರತಿ ಬಸಿರಿನಲ್ಲೂ ಹಾಕಿಸಬೇಕು, ಮೊದಲ ಮಗುವಿಗೆ ಹಾಕಿಸಿದ್ದು ಎರಡನೆಯದಕ್ಕೆ ಸಾಲದು. ತಾಯಿಯ ಪ್ರತಿಕಾಯಗಳು ಬೇಗ ಇಳಿಯುವುದೇ ಇದಕ್ಕೆ ಕಾರಣ. ಟಿಡ್ಯಾಪ್‌ನಲ್ಲಿ ಧನುರ್ವಾಯು, ಗಂಟಲುಮಾರಿಯ ಅಂಶಗಳೂ ಇರುವುದರಿಂದ ಎರಡನೇ ಟಿಡಿ ಡೋಸಿನ ಬದಲು ಇದನ್ನು ಕೊಡಬಹುದು. ಹೇಗೆ ಹೊಂದಿಸಬೇಕೆಂದು ನಿಮ್ಮ ಪ್ರಸೂತಿ ವೈದ್ಯರು ತೀರ್ಮಾನಿಸುತ್ತಾರೆ. ಇದು ಜೀವಂತ ರೋಗಾಣು ಇರುವ ಲಸಿಕೆಯಲ್ಲ. ತಾಯಿಗೆ ತೋಳು ನೋವು, ಒಂದು ದಿನದ ಮೈಕೈ ನೋವು ಸಾಮಾನ್ಯ.

ಇದರಿಂದ ಏನು ಪ್ರಯೋಜನವಾಯಿತು ಎಂಬುದಕ್ಕೆ ಇಂಗ್ಲೆಂಡಿನ ಅನುಭವಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. 2012ರಲ್ಲಿ ಅಲ್ಲಿ ನಾಯಿಕೆಮ್ಮು ಉಲ್ಬಣಿಸಿ 14 ಶಿಶುಗಳು ಸತ್ತವು. ಅದೇ ವರ್ಷ ಅಕ್ಟೋಬರ್‌ನಲ್ಲಿ ಎಲ್ಲ ಗರ್ಭಿಣಿಯರಿಗೂ ಲಸಿಕೆ ಕೊಡುವ ಕಾರ್ಯಕ್ರಮ ಆರಂಭವಾಯಿತು. ಲಸಿಕೆ ಪಡೆದ ತಾಯಂದಿರ ಮೂರು ತಿಂಗಳೊಳಗಿನ ಮಕ್ಕಳಿಗೆ ಸುಮಾರು ಶೇ. 90ರಷ್ಟು ರಕ್ಷಣೆ ಸಿಕ್ಕಿದ್ದು ನಂತರದ ಅಧ್ಯಯನದಲ್ಲಿ ಕಂಡುಬಂತು. ಸಾವುಗಳು ಇಳಿದವು. ಆಮೇಲೆ ಎಂದಿನಂತೆ ಉದಾಸೀನ ಬಂತು. 2017ರಲ್ಲಿ ಶೇ. 70 ದಾಟಿದ್ದ ಗರ್ಭಿಣಿಯರ ಲಸಿಕೆ ಪ್ರಮಾಣ 2023ರ ಹೊತ್ತಿಗೆ ಶೇ. 60ಕ್ಕಿಂತ ಕೆಳಗಿಳಿಯಿತು. 2024ರಲ್ಲಿ ಇಂಗ್ಲೆಂಡಿನಲ್ಲಿ ನಾಯಿಕೆಮ್ಮು ಮತ್ತೆ ಹರಡಿತು, 11 ಶಿಶುಗಳು ತೀರಿಕೊಂಡವು.

ನಮ್ಮ ಸರ್ಕಾರಿ ಲಸಿಕಾ ಕಾರ್ಯಕ್ರಮದಲ್ಲಿ ಗರ್ಭಿಣಿಯರಿಗೆ ಟಿಡ್ಯಾಪ್ ಇಲ್ಲ. ಖಾಸಗಿ ಆಸ್ಪತ್ರೆಗಳಲ್ಲಿ ಬೂಸ್ಟ್ರಿಕ್ಸ್, ಅಡಾಸೆಲ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ, ಬೆಲೆ ಸಾವಿರ ರೂಪಾಯಿಗಿಂತ ಹೆಚ್ಚು. ಹೆರಿಗೆಗೆ ಲಕ್ಷ ಖರ್ಚು ಮಾಡುವ ಕುಟುಂಬಕ್ಕೆ ಇದು ದೊಡ್ಡ ಮೊತ್ತವಲ್ಲ. ಪುಣೆಯಲ್ಲೋ ಹೈದರಾಬಾದ್‌ನಲ್ಲೋ ಕಟ್ಟಡ ಕೆಲಸಕ್ಕೆ ಹೋದ ರಾಯಚೂರು, ಕಲಬುರಗಿಯ ಗಾರೆ ಕೆಲಸದ ಹೆಣ್ಣುಮಗಳಿಗೆ ಎರಡು ಮೂರು ದಿನದ ಕೂಲಿ. ಆಕೆಯ ಮಗುವೇ ಹೆಚ್ಚು ಇಕ್ಕಟ್ಟಿನಲ್ಲಿ, ಹೆಚ್ಚು ಜನರ ಕೆಮ್ಮಿನ ನಡುವೆ ಬೆಳೆಯುತ್ತದೆ. ಲಸಿಕೆ ಯಾರಿಗೆ ಹೆಚ್ಚು ಬೇಕೋ ಅವರಿಗೇ ಸಿಗುತ್ತಿಲ್ಲ ಎಂಬುದು ಇಲ್ಲಿನ ನಿಜವಾದ ಸಮಸ್ಯೆ.

ಕೈಲಾಗುವವರು ಮುಂದಿನ ತಪಾಸಣೆಗೆ ಹೋದಾಗ ವೈದ್ಯರನ್ನು ಹೀಗೆ ಕೇಳಿ: 'ನನಗೆ ಕೊಟ್ಟಿದ್ದು ಟಿಡಿಯೋ, ಟಿಡ್ಯಾಪೋ?'

ಮಗುವಿನ ಲಸಿಕೆ ತಡವಾಗುವುದು ಎಲ್ಲಿ?

ಸರ್ಕಾರಿ ವೇಳಾಪಟ್ಟಿಯಲ್ಲಿ ಮಗುವಿಗೆ 6, 10 ಮತ್ತು 14ನೇ ವಾರದಲ್ಲಿ ಪೆಂಟಾವೇಲೆಂಟ್ ಲಸಿಕೆ ಕೊಡುತ್ತಾರೆ. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ ಮತ್ತು ಹಿಬ್ ಎಂಬ ಐದು ರೋಗಗಳಿಗೆ ಒಂದೇ ಚುಚ್ಚುಮದ್ದು. ದೇಶದಲ್ಲಿ ಇದು ಮೊದಲು ಬಂದದ್ದು 2011ರ ಡಿಸೆಂಬರ್‌ನಲ್ಲಿ, ತಮಿಳುನಾಡು ಮತ್ತು ಕೇರಳಕ್ಕೆ. ನಂತರ 16ರಿಂದ 24 ತಿಂಗಳ ನಡುವೆ ಒಂದು, 5ರಿಂದ 6 ವರ್ಷದ ನಡುವೆ ಇನ್ನೊಂದು ಡಿಪಿಟಿ ಬೂಸ್ಟರ್.

ಮೊದಲ ಡೋಸಿನಿಂದ ಪೂರ್ತಿ ರಕ್ಷಣೆ ಸಿಗದಿದ್ದರೂ ಕಾಯಿಲೆಯ ತೀವ್ರತೆ, ಸಾವಿನ ಅಪಾಯ ಕಡಿಮೆಯಾಗುತ್ತದೆ. ಆರನೇ ವಾರದ ಡೋಸ್ ಆರನೇ ವಾರಕ್ಕೇ ಬೀಳಬೇಕು ಎನ್ನುವುದು ಅದಕ್ಕಾಗಿ. ಹೊರರಾಜ್ಯದ ಕನ್ನಡಿಗರಲ್ಲಿ ಇದು ತಪ್ಪುವುದಕ್ಕೆ ಒಂದು ಮಾಮೂಲಿ ಕಾರಣವಿದೆ. ಹೆರಿಗೆ ತವರಿನಲ್ಲಿ, ಹುಬ್ಬಳ್ಳಿಯಲ್ಲೋ ಉಡುಪಿಯಲ್ಲೋ ಆಗುತ್ತದೆ. ಮೂರು ತಿಂಗಳಿಗೆ ಗಂಡನ ಮನೆಗೆ, ಮುಂಬೈಗೋ ಚೆನ್ನೈಗೋ ಪಯಣ. 'ಅಲ್ಲಿ ಹೋದ ಮೇಲೆ ನಮ್ಮ ಡಾಕ್ಟರ ಹತ್ತಿರವೇ ಹಾಕಿಸೋಣ' ಎಂದು ಒಂದು ಡೋಸ್ ಮುಂದಕ್ಕೆ ಹೋಗುತ್ತದೆ. ಹಾಗೆ ಕಾಯಬೇಕಾಗಿಲ್ಲ. ಸರ್ಕಾರಿ ಲಸಿಕೆ ದೇಶದ ಯಾವ ಮೂಲೆಯಲ್ಲೂ ಉಚಿತ. ಕರ್ನಾಟಕದ ತಾಯಿ ಕಾರ್ಡ್ ಹಿಡಿದು ಮಹಾರಾಷ್ಟ್ರದ ಆರೋಗ್ಯ ಕೇಂದ್ರಕ್ಕೆ ಹೋದರೂ ಹಾಕುತ್ತಾರೆ. ಒಂದು ಡೋಸ್ ತಡವಾಗಿದ್ದರೆ ಮೊದಲಿಂದ ಶುರುಮಾಡುವ ಅಗತ್ಯವೂ ಇಲ್ಲ, ಬಿಟ್ಟಲ್ಲಿಂದ ಮುಂದುವರಿಸುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೂ ಹುಟ್ಟಿದ ದಿನದಿಂದಲೇ ವಾರ ಎಣಿಸಬೇಕು. ಈ ವಿಷಯದಲ್ಲಿ 'ಇನ್ನೂ ಸಣ್ಣದು, ಸ್ವಲ್ಪ ತೂಕ ಬರಲಿ' ಎಂಬ ಪ್ರೀತಿ ಕೂಸಿಗೆ ಒಳ್ಳೆಯದಲ್ಲ.

'ನೋವಿಲ್ಲದ ಲಸಿಕೆ' ಬಗ್ಗೆ ಒಂದು ಮಾತು. ಸರ್ಕಾರಿ ಪೆಂಟಾದಲ್ಲಿ ಇರುವುದು ಇಡೀ ಬ್ಯಾಕ್ಟೀರಿಯಾವನ್ನು ನಿರ್ಜೀವಗೊಳಿಸಿ ಮಾಡಿದ ಲಸಿಕೆ. ಜ್ವರ, ತೊಡೆಯ ಊತ ಬರುವುದು ಹೆಚ್ಚು. ಖಾಸಗಿಯಲ್ಲಿ ದುಬಾರಿ ಬೆಲೆಗೆ ಸಿಗುವ ಇನ್ನೊಂದು ಬಗೆಯಲ್ಲಿ ಬ್ಯಾಕ್ಟೀರಿಯಾದ ಆಯ್ದ ಅಂಶಗಳು ಮಾತ್ರ ಇರುತ್ತವೆ. ಜ್ವರ ಕಡಿಮೆ, ಆದರೆ ರಕ್ಷಣೆ ಸ್ವಲ್ಪ ಬೇಗ ಇಳಿಯುತ್ತದೆ. ಯಾವುದಾದರೂ ಸರಿ, ಸಮಯಕ್ಕೆ ಸರಿಯಾಗಿ ಹಾಕಿಸುವುದು ಮುಖ್ಯ. ದುಡ್ಡು ಹೆಚ್ಚು ಕೊಟ್ಟದ್ದಕ್ಕೆ ರಕ್ಷಣೆ ಹೆಚ್ಚು ಸಿಕ್ಕಿತು ಎಂದು ಯಾರೂ ಭಾವಿಸಬೇಕಾಗಿಲ್ಲ.

ಹೆದರಿ ನಿಲ್ಲಿಸಿದ ಜಪಾನಿನಲ್ಲಿ ಏನಾಯಿತು

ನಾಯಿಕೆಮ್ಮಿನ ಪರಿಣಾಮಕಾರಿ ಲಸಿಕೆಯನ್ನು ರೂಪಿಸಿದವರು ಅಮೆರಿಕದ ಮಿಷಿಗನ್‌ನ ಪರ್ಲ್ ಕೆಂಡ್ರಿಕ್ ಮತ್ತು ಗ್ರೇಸ್ ಎಲ್ಡರಿಂಗ್ ಎಂಬ ಇಬ್ಬರು ಮಹಿಳಾ ವಿಜ್ಞಾನಿಗಳು. 1930ರ ದಶಕದ ಆರ್ಥಿಕ ಕುಸಿತದ ದಿನಗಳಲ್ಲಿ ಕೆಲಸ ಮುಗಿಸಿ ಸಂಜೆ ಹೊತ್ತು ಬಡವರ ಮನೆಗಳಿಗೆ ಹೋಗಿ, ಸೀಮೆಎಣ್ಣೆ ದೀಪದ ಬೆಳಕಿನಲ್ಲಿ ಮಕ್ಕಳ ಮುಖದೆದುರು ಗಾಜಿನ ತಟ್ಟೆ ಹಿಡಿದು ಕೆಮ್ಮಿಸಿ ಮಾದರಿ ಸಂಗ್ರಹಿಸುತ್ತಿದ್ದರು.

ಆ ಲಸಿಕೆಯಿಂದ ಜಪಾನಿನಲ್ಲಿ ರೋಗ ಬಹುತೇಕ ಮಾಯವಾಗಿತ್ತು. 1974ರಲ್ಲಿ ಇಡೀ ದೇಶದಲ್ಲಿ ವರದಿಯಾದದ್ದು 393 ಪ್ರಕರಣ, ಸಾವು ಒಂದೂ ಇಲ್ಲ. ಆ ಚಳಿಗಾಲದಲ್ಲಿ ಲಸಿಕೆ ಪಡೆದ ಬಳಿಕ ಎರಡು ಶಿಶುಗಳು ತೀರಿಕೊಂಡವೆಂಬ ಸುದ್ದಿ ಹರಡಿ, 1975ರಲ್ಲಿ ಲಸಿಕೆ ನಿಂತಿತು. ಕೆಲವು ತಿಂಗಳಲ್ಲಿ ಮತ್ತೆ ಶುರುಮಾಡಿದರೂ ಜನ ಹಾಕಿಸಲಿಲ್ಲ. 1979ರಲ್ಲಿ 13 ಸಾವಿರಕ್ಕೂ ಹೆಚ್ಚು ಪ್ರಕರಣ, 41 ಸಾವು. 1981ರಲ್ಲಿ ಅಡ್ಡಪರಿಣಾಮ ಕಡಿಮೆ ಇರುವ ಹೊಸ ಬಗೆಯ ಲಸಿಕೆಯನ್ನು ಜಪಾನೇ ಮೊದಲು ಬಳಕೆಗೆ ತಂದಿತು. ಇಂದು 'ನೋವಿಲ್ಲದ ಲಸಿಕೆ' ಎಂದು ನಾವು ಕೊಳ್ಳುವುದು ಅದರ ಪೀಳಿಗೆಯದ್ದೇ.

ಪರೀಕ್ಷೆ ಮತ್ತು ಚಿಕಿತ್ಸೆ

ಮೂಗಿನ ಹಿಂಭಾಗದಿಂದ ಸ್ವಾಬ್ ತೆಗೆದು ಪಿಸಿಆರ್ ಮಾಡುತ್ತಾರೆ, ಕೋವಿಡ್ ಪರೀಕ್ಷೆಯ ಹಾಗೆಯೇ. ಕೆಮ್ಮು ಶುರುವಾದ ಮೊದಲ ಮೂರು ವಾರದೊಳಗೆ ಮಾಡಿದರೆ ಫಲಿತಾಂಶ ನಂಬಲರ್ಹ. ಆದರೆ ಎಳೆಗೂಸಿನ ವಿಷಯದಲ್ಲಿ ಅನುಮಾನ ಬಲವಾಗಿದ್ದರೆ ವರದಿಗಾಗಿ ಕಾಯದೆ ಔಷಧ ಶುರುಮಾಡುತ್ತಾರೆ.

ಔಷಧ ಎಂದರೆ ಅಜಿಥ್ರೊಮೈಸಿನ್ ಗುಂಪಿನ ಆಂಟಿಬಯಾಟಿಕ್. ಒಂದು ತಿಂಗಳೊಳಗಿನ ಶಿಶುಗಳಿಗೆ ಅಜಿಥ್ರೊಮೈಸಿನ್ ಅನ್ನೇ ಆರಿಸುತ್ತಾರೆ, ಏಕೆಂದರೆ ಅದೇ ಗುಂಪಿನ ಎರಿಥ್ರೊಮೈಸಿನ್‌ನಿಂದ ಆ ವಯಸ್ಸಿನಲ್ಲಿ ಜಠರದ ಬಾಯಿ ಕಿರಿದಾಗುವ ಅಪಾಯ ಹೆಚ್ಚು. ಮೊದಲ ವಾರಗಳಲ್ಲೇ ಕೊಟ್ಟರೆ ಕಾಯಿಲೆ ಹಗುರಾಗಬಹುದು. ತಡವಾಗಿ ಕೊಟ್ಟರೆ ಕೆಮ್ಮು ಬೇಗ ನಿಲ್ಲುವುದಿಲ್ಲ, ಬೇರೆಯವರಿಗೆ ಹರಡುವುದು ಮಾತ್ರ ನಿಲ್ಲುತ್ತದೆ. ಐದು ದಿನದ ಔಷಧದ ನಂತರ ರೋಗಿಯಿಂದ ಸೋಂಕು ಹರಡುವುದಿಲ್ಲ. ಔಷಧವೇ ಇಲ್ಲದಿದ್ದರೆ ಕೆಮ್ಮು ಶುರುವಾಗಿ ಮೂರು ವಾರದವರೆಗೂ ಹರಡಬಹುದು. ಮಗುವಿಗೆ ಖಚಿತವಾದರೆ ಮನೆಯ ಉಳಿದವರಿಗೂ ಅದೇ ಆಂಟಿಬಯಾಟಿಕ್ ಕೊಡುತ್ತಾರೆ, ಕೆಮ್ಮು ಇರಲಿ ಇಲ್ಲದಿರಲಿ. 'ನನಗೇನೂ ಆಗಿಲ್ಲ' ಎಂದು ಅದನ್ನು ಡ್ರಾಯರಿಗೆ ಹಾಕಬೇಡಿ.

ಮೂರು ತಿಂಗಳೊಳಗಿನ ಮಗುವನ್ನು ಸಾಮಾನ್ಯವಾಗಿ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಲ್ಲಿ ಆಗುವ ಕೆಲಸ ಮೇಲ್ನೋಟಕ್ಕೆ ಸಾಧಾರಣ. ಮಾನಿಟರ್ ಹಾಕಿ ಉಸಿರು, ಆಮ್ಲಜನಕ ನೋಡುತ್ತಿರುವುದು, ಕಫವನ್ನು ಮೆತ್ತಗೆ ಹೀರಿ ತೆಗೆಯುವುದು, ಸ್ವಲ್ಪ ಸ್ವಲ್ಪವೇ ಹಾಲು ಕೊಡುವುದು. ಆದರೆ ರಾತ್ರಿ ಎರಡು ಗಂಟೆಗೆ ಉಸಿರು ನಿಂತಾಗ ಪಕ್ಕದಲ್ಲಿ ನರ್ಸ್ ಇರುವುದಕ್ಕೂ, ಮನೆಯವರೆಲ್ಲ ಮಲಗಿರುವುದಕ್ಕೂ ಇರುವ ವ್ಯತ್ಯಾಸ ಸಾಧಾರಣದ್ದಲ್ಲ.

ಮನೆಮದ್ದು ಬೇಡ

ಜೇನುತುಪ್ಪ ಬೇಡ. ಒಂದು ವರ್ಷದೊಳಗಿನ ಮಕ್ಕಳಿಗೆ ಅದರಿಂದ ಬೊಟ್ಯುಲಿಸಂ ಎಂಬ ನರಗಳನ್ನು ಕಟ್ಟಿಹಾಕುವ ವಿಷಬಾಧೆ ಬರಬಹುದು. ತುಳಸಿ, ದೊಡ್ಡಪತ್ರೆ ರಸ ದೊಡ್ಡ ಮಕ್ಕಳ ಮಾತಾಯಿತು; ಕೆಮ್ಮುತ್ತಿರುವ ಕೂಸಿನ ಬಾಯಿಗೆ ಒಳಲೆಯಲ್ಲಿ ಏನನ್ನೇ ಸುರಿದರೂ ಶ್ವಾಸಕೋಶಕ್ಕೆ ಇಳಿಯುವ ಅಪಾಯ. ಮೂಗಿಗೆ ಎಣ್ಣೆ ಬಿಡುವುದೂ ಅಷ್ಟೇ. ಕರ್ಪೂರದ ಅಂಶವಿರುವ ಮುಲಾಮುಗಳನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬಾರದು. ಎಣ್ಣೆನೀರು ಹಾಕಿದ ಮೇಲೆ ಸಾಂಬ್ರಾಣಿ ಹೊಗೆ ಹಿಡಿಯುವ ರೂಢಿ ಎಷ್ಟೇ ಹಿತವೆನಿಸಿದರೂ ಈ ಕಾಯಿಲೆಯಲ್ಲಿ ಹೊಗೆ ಕೆಮ್ಮಿನ ದಾಳಿಯನ್ನು ಕೆರಳಿಸುತ್ತದೆ. ಸೊಳ್ಳೆಬತ್ತಿ, ಊದುಬತ್ತಿ, ಸಿಗರೇಟು ಎಲ್ಲವೂ ಅದೇ ಸಾಲಿಗೆ.

ಕೆಮ್ಮಿನ ಸಿರಪ್ ಅಂತೂ ಖಂಡಿತ ಬೇಡ. ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಕಲಬೆರಕೆ ಸಿರಪ್‌ನಿಂದ ಮಕ್ಕಳು ಸತ್ತ ನಂತರ, 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು, ನೆಗಡಿಯ ಔಷಧ ಬರೆಯಬಾರದೆಂದು ಸೂಚನೆ ಹೊರಡಿಸಿತು. ಕಲಬೆರಕೆ ಇಲ್ಲದ ಸಿರಪ್ ಕೂಡ ನಾಯಿಕೆಮ್ಮಿಗೆ ಉಪಯೋಗಕ್ಕೆ ಬರುವುದಿಲ್ಲ.

ಎದೆಹಾಲು ಮಾತ್ರ ನಿಲ್ಲಿಸಬೇಡಿ. ದಾಳಿ ಮುಗಿದು ಮಗು ಸಮಾಧಾನವಾದ ಮೇಲೆ, ತುಸು ತುಸುವೇ, ಪದೇ ಪದೇ ಕೊಡಿ.

ಉಸಿರು ನಿಂತರೆ, ತುಟಿ ನೀಲಿಯಾದರೆ, ಫಿಟ್ಸ್ ಬಂದರೆ, ಮಗು ಹಾಲು ಬಿಟ್ಟು ಮಂಕಾಗಿ ಮಲಗಿದರೆ, ಆರೇಳು ಗಂಟೆಯಿಂದ ಡೈಪರ್ ಒದ್ದೆಯಾಗದಿದ್ದರೆ ಅಪಾಯಿಂಟ್‌ಮೆಂಟಿಗೆ ಕಾಯಬೇಡಿ. 108 ಅಥವಾ 112ಕ್ಕೆ ಕರೆ ಮಾಡಿ, ಮಕ್ಕಳ ಐಸಿಯು ಇರುವ ಆಸ್ಪತ್ರೆಗೇ ಹೋಗಿ. ನಿಮ್ಮ ಬಡಾವಣೆಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಹೆರಿಗೆಗೆ ಮೊದಲೇ ತಿಳಿದಿಟ್ಟುಕೊಳ್ಳುವುದು ಹೊರ ಊರಿನಲ್ಲಿರುವವರಿಗೆ ಹೆಚ್ಚು ಅಗತ್ಯ.

ಗುಣವಾಗಿ ಮನೆಗೆ ಬಂದ ಮೇಲೂ ಮುಂದಿನ ಕೆಲವು ತಿಂಗಳು ಸಣ್ಣ ನೆಗಡಿಯಾದರೂ ಅದೇ ಬಗೆಯ ಕೆಮ್ಮು ಮರಳಿ ಬರಬಹುದು. ಅದು ಹೊಸ ಸೋಂಕಲ್ಲ, ಶ್ವಾಸನಾಳ ಇನ್ನೂ ಮಾಗುತ್ತಿರುವ ಲಕ್ಷಣ. ಆದರೂ ಮಗು ಆರು ತಿಂಗಳೊಳಗಿನದಾದರೆ ಒಮ್ಮೆ ತೋರಿಸಿಕೊಂಡು ಬನ್ನಿ. ಒಮ್ಮೆ ನಾಯಿಕೆಮ್ಮು ಬಂದುಹೋಯಿತೆಂದು ಉಳಿದ ಲಸಿಕೆಗಳನ್ನು ಬಿಡುವಂತಿಲ್ಲ, ಅವನ್ನು ವೇಳಾಪಟ್ಟಿಯಂತೆಯೇ ಪೂರ್ತಿ ಮಾಡಿಸಬೇಕು.